ಗೋದಾಮಿನ ಗಾಡಿಗೆ ದಾರಿ ಹೇಳುವವರು ಯಾರು?

ಸವಳಂಗದ ಸರ್ಕಲ್ಲಿನಲ್ಲಿ ನಿಂತರೆ ಒಂದು ರಸ್ತೆ ಶಿವಮೊಗ್ಗಕ್ಕೆ ಹೋಗುತ್ತದೆ, ಒಂದು ಶಿಕಾರಿಪುರಕ್ಕೆ, ಇನ್ನೊಂದು ನ್ಯಾಮತಿ ಹಾದು ಹೊನ್ನಾಳಿಗೆ. ಬಸ್ಸಿಗೆ ಕಾಯುವಾಗ ನಾನು ಹತ್ತಿರದ ಒಂದು ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕೂರುತ್ತೇನೆ. ಅಲ್ಲಿ ಕೆಲಸಕ್ಕಿರುವ ಅಣ್ಣನನ್ನು ನೋಡುತ್ತಿದ್ದರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ.

ತಿಂಗಳ ಮೊದಲ ವಾರ ಬಂತೆಂದರೆ ಜನ ಚೀಟಿ ಹಿಡಿದು ಬರುತ್ತಾರೆ. ಸಕ್ಕರೆ ಎರಡು ಕೆ.ಜಿ., ತೊಗರಿಬೇಳೆ ಒಂದು, ಚಾ ಪುಡಿ ಕಾಲು, ಬಟ್ಟೆ ಸೋಪು ನಾಲ್ಕು, ಊದುಬತ್ತಿ ಒಂದು ಕಟ್ಟು, ಇಂಗು ಒಂದು ಡಬ್ಬಿ, ಅಕ್ಕಿ ಅರ್ಧ ಮೂಟೆ. ಅಣ್ಣ ಚೀಟಿಯನ್ನು ಒಮ್ಮೆ ಓದುತ್ತಾನೆ. ಆಮೇಲೆ ಚೀಟಿಯಲ್ಲಿ ಬರೆದ ಸಾಲಿನಂತೆ ಹೋಗುವುದಿಲ್ಲ. ಅಕ್ಕಿಗೆಂದು ಹಿಂದಿನ ಕೋಣೆಗೆ ಹೋಗುವವನು ಹೋಗುವಾಗಲೇ ಬಲಗೈಗೆ ಸೋಪು, ಬರುವಾಗ ಎಡಗೈಗೆ ಊದುಬತ್ತಿ ತೆಗೆದುಕೊಳ್ಳುತ್ತಾನೆ. ಸಕ್ಕರೆ, ಚಾ ಪುಡಿ ತಕ್ಕಡಿಯ ಪಕ್ಕದಲ್ಲೇ ಇವೆ, ಏಕೆಂದರೆ ಅವನ್ನು ಎಲ್ಲರೂ ಕೇಳುತ್ತಾರೆ. ಇಂಗಿನ ಡಬ್ಬಿ ಮೇಲಿನ ಹಲಗೆಯಲ್ಲಿ. ಅಂಗಡಿಯ ನಕಾಶೆ ಪೂರ್ತಿ ಅವನ ತಲೆಯಲ್ಲಿದೆ.

ಮಕ್ಕಳೇ, ಈಗ ಆ ಅಂಗಡಿಯನ್ನು ಮನಸ್ಸಿನಲ್ಲೇ ದೊಡ್ಡದು ಮಾಡಿ. ನಿಮ್ಮ ಶಾಲೆಯ ಮೈದಾನದಂಥ ಹತ್ತು ಮೈದಾನ ಸೇರಿಸಿದಷ್ಟು ಅಗಲ. ಸಾಲು ಸಾಲು ಕಪಾಟು, ಲಕ್ಷಾಂತರ ಸಾಮಾನು. ಚೀಟಿಗಳು ದಿನಕ್ಕೆ ನೂರಲ್ಲ, ಸಾವಿರ ಸಾವಿರ. ಮೊಬೈಲಿನಲ್ಲಿ ಪುಸ್ತಕವನ್ನೋ ಚಪ್ಪಲಿಯನ್ನೋ ತರಿಸಿಕೊಳ್ಳುತ್ತೇವಲ್ಲ, ಅವು ಹೊರಡುವುದು ಇಂಥ ಗೋದಾಮಿನಿಂದ. ಅಲ್ಲಿ ಒಂದು ಚೀಟಿಗೆ 200 ಮೀಟರ್ ನಡೆಯಬೇಕು ಎಂದಿಟ್ಟುಕೊಳ್ಳಿ. 60 ಚೀಟಿ ಮುಗಿಸುವಷ್ಟರಲ್ಲಿ 12 ಕಿಲೋಮೀಟರ್ ನಡೆದಾಯಿತು! ಗೋದಾಮಿನ ಕೆಲಸವನ್ನು ಅಳೆದು ನೋಡಿದವರು ಹೇಳುವುದೂ ಇದನ್ನೇ: ಸಾಮಾನು ತೆಗೆಯುವವರ ಸಮಯದಲ್ಲಿ ಹೆಚ್ಚುಕಡಿಮೆ ಅರ್ಧ ಬರೀ ಓಡಾಟಕ್ಕೇ ಹೋಗುತ್ತದೆ.

ಅಮೆರಿಕದ ಮಿಕ್ ಮೌಂಟ್ಜ್ ಎಂಬ ಎಂಜಿನಿಯರ್ ಮನೆಮನೆಗೆ ದಿನಸಿ ಕಳಿಸುವ ಒಂದು ಕಂಪನಿಯಲ್ಲಿದ್ದರು. ಆ ಕಂಪನಿ 2001ರಲ್ಲಿ ಮುಚ್ಚಿಹೋಯಿತು. ಇಷ್ಟೊಂದು ನಡಿಗೆ ಏಕೆ ಬೇಕು ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ಮನುಷ್ಯ ಕಪಾಟಿನ ಹತ್ತಿರ ಹೋಗುವ ಬದಲು ಕಪಾಟೇ ಮನುಷ್ಯನ ಹತ್ತಿರ ಬಂದರೆ? ಬಾಯಾರಿದವನು ಕೂತಲ್ಲಿಗೇ ಬಾವಿ ನಡೆದು ಬಂದ ಹಾಗೆ! 2003ರಲ್ಲಿ ಅವರು ಕಿವಾ ಸಿಸ್ಟಮ್ಸ್ ಎಂಬ ಕಂಪನಿ ಶುರುಮಾಡಿದರು. ಪೀಟರ್ ವುರ್ಮನ್, ರಫಾಯೆಲ್ಲೊ ಡಾಂಡ್ರಿಯಾ ಎಂಬಿಬ್ಬರು ಜೊತೆಯಾದರು. ಅವರು ಮಾಡಿದ ರೋಬೋಟಿಗೆ ತಲೆ, ಕೈ, ಕಾಲು ಯಾವುದೂ ಇಲ್ಲ. ನಮ್ಮ ಮೊಣಕಾಲಿಗೂ ಬಾರದ ಎತ್ತರದ, ಕಿತ್ತಳೆ ಬಣ್ಣದ, ಗಾಲಿ ಇರುವ ಒಂದು ಪೆಟ್ಟಿಗೆ, ಅಷ್ಟೇ. ಕಪಾಟಿನ ಅಡಿಗೆ ಸರಕ್ಕನೆ ನುಸುಳುತ್ತದೆ, ಲಾರಿಗೆ ಜಾಕ್ ಕೊಟ್ಟ ಹಾಗೆ ಕಪಾಟನ್ನು ನೆಲದಿಂದ ತುಸು ಎತ್ತುತ್ತದೆ, ಹೊತ್ತುಕೊಂಡು ಹೊರಡುತ್ತದೆ. ಚಿಕ್ಕ ಮಾದರಿಯೇ ಸುಮಾರು 450 ಕೆ.ಜಿ. ಎತ್ತುತ್ತಿತ್ತು. 2012ರಲ್ಲಿ ಅಮೆಜಾನ್ ಈ ಕಂಪನಿಯನ್ನು 77.5 ಕೋಟಿ ಡಾಲರ್ ಕೊಟ್ಟು ಕೊಂಡಿತು. ತನ್ನ ಗೋದಾಮುಗಳಲ್ಲಿ ಕೆಲಸಕ್ಕಿಟ್ಟ ರೋಬೋಟುಗಳ ಸಂಖ್ಯೆ ಹತ್ತು ಲಕ್ಷ ಮುಟ್ಟಿತು ಎಂದು 2025ರಲ್ಲಿ ಹೇಳಿತು.

ನಮ್ಮ ರಾಜ್ಯವೂ ಇದರಲ್ಲಿ ಹಿಂದೆ ಬಿದ್ದಿಲ್ಲ. 2019ರಲ್ಲಿ ಫ್ಲಿಪ್‌ಕಾರ್ಟ್ ಬೆಂಗಳೂರಿನ ತನ್ನ ಒಂದು ಕೇಂದ್ರದಲ್ಲಿ ನೂರಕ್ಕೂ ಹೆಚ್ಚು ಪುಟ್ಟ ರೋಬೋಟುಗಳನ್ನು ಓಡಾಡಲು ಬಿಟ್ಟಿತು. ಅವುಗಳ ಕೆಲಸ ಪೊಟ್ಟಣಗಳನ್ನು ಊರಿನ ಪಿನ್‌ಕೋಡ್ ನೋಡಿ ಬೇರೆ ಬೇರೆ ಗುಂಡಿಗೆ ಹಾಕುವುದು. ಬೆಂಗಳೂರಿನಲ್ಲೇ 2017ರಲ್ಲಿ ಸೌರಭ್ ಚಂದ್ರ, ವಿ. ವಿನಯ್, ಸಾದ್ ನಾಸರ್ ಎಂಬ ಮೂವರು ಅತಿ ಮೋಟರ್ಸ್ ಶುರುಮಾಡಿದರು. ವಿನಯ್ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳಿದವರು. ಬಡವರ ಕೈಗೂ ಎಟುಕಲಿ ಎಂದು ಬೆಂಗಳೂರಿನಲ್ಲಿ ರೂಪಿಸಿದ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರಿನ ತಂಡದಲ್ಲೂ ಇದ್ದವರು. ಅತಿ ಮೋಟರ್ಸ್ ಮಾಡಿದ ಗಾಡಿಯ ಹೆಸರು ಶೆರ್ಪಾ ಟಗ್. ಹಿಮಾಲಯದಲ್ಲಿ ಹೊರೆ ಹೊತ್ತು ದಾರಿ ತೋರುವ ಶೆರ್ಪಾ ಜನರ ಹೆಸರು ಅದು. ಕಾರ್ಖಾನೆಗಳ ಒಳಗೆ ಟನ್ ಲೆಕ್ಕದ ಸರಕಿನ ತಳ್ಳುಗಾಡಿಗಳನ್ನು ಅದು ತಾನಾಗಿ ಎಳೆದುಕೊಂಡು ಹೋಗುತ್ತದೆ.

ಇಂಥ ರೋಬೋಟಿನ ವಿಡಿಯೋ ನೋಡಿದ ಪಕ್ಕದ ಮನೆಯ ಆರನೇ ಕ್ಲಾಸಿನ ಹುಡುಗಿ ನನ್ನನ್ನು ಕೇಳಿದಳು: "ಮಾವ, ಅದಕ್ಕೆ ಡ್ರೈವರ್ ಇಲ್ಲ, ಕಂಬಿ ಇಲ್ಲ. ತಾನು ಎಲ್ಲಿದೀನಿ ಅಂತ ಅದಕ್ಕೆ ಹೆಂಗೆ ಗೊತ್ತಾಗ್ತದೆ?"

ಎಷ್ಟು ಸರಿಯಾದ ಪ್ರಶ್ನೆ! ರೋಬೋಟಿನ ಬಗ್ಗೆ ಕೇಳುವ ಹೆಚ್ಚಿನವರು ಅದು ಎಷ್ಟು ಭಾರ ಎತ್ತುತ್ತದೆ, ಎಷ್ಟು ವೇಗವಾಗಿ ಓಡುತ್ತದೆ ಎನ್ನುತ್ತಾರೆ. ಭಾರ ಎತ್ತಲು ಒಳ್ಳೆಯ ಮೋಟರ್ ಸಾಕು. 'ನಾನೀಗ ಎಲ್ಲಿದ್ದೇನೆ?' ಎಂಬುದು ಮಾತ್ರ ಎಂಜಿನಿಯರುಗಳ ನಿದ್ದೆ ಕೆಡಿಸಿದ ಪ್ರಶ್ನೆ. ನಾನು ಅವಳಿಗೆ ಬಾಯಲ್ಲಿ ಉತ್ತರ ಹೇಳಲಿಲ್ಲ. ಅಂಗಳದ ತುಳಸಿಕಟ್ಟೆಯ ಕಡೆ ಮುಖ ಮಾಡಿ ನಿಲ್ಲಿಸಿ, ಕಣ್ಣಿಗೆ ಟವೆಲ್ ಕಟ್ಟಿ, "ಇಪ್ಪತ್ತು ಹೆಜ್ಜೆ ಇದೆ, ನಡಿ" ಎಂದೆ. ಹುಡುಗಿ ಹೆಜ್ಜೆ ಎಣಿಸುತ್ತಾ ಹೋದಳು. ಇಪ್ಪತ್ತಾದ ಮೇಲೆ ಕೈಚಾಚಿದರೆ ತುಳಸಿಕಟ್ಟೆ ಇಲ್ಲ! ಎಡಕ್ಕೆ ಮೂರು ಮಾರು ಸರಿದು ದಾಸವಾಳದ ಗಿಡದ ಮುಂದೆ ನಿಂತಿದ್ದಳು.

ರೋಬೋಟ್ ಮೊದಲು ಮಾಡುವುದೂ ಇದನ್ನೇ, ಹೆಜ್ಜೆ ಎಣಿಸುವುದನ್ನು. ಅದಕ್ಕೆ ಹೆಜ್ಜೆ ಇಲ್ಲ, ಗಾಲಿ ಇದೆ. ಗಾಲಿಯ ಅಡ್ಡಳತೆ 20 ಸೆಂಟಿಮೀಟರ್ ಆದರೆ ಒಂದು ಸುತ್ತಿಗೆ ಸುಮಾರು 63 ಸೆಂಟಿಮೀಟರ್ ಸಾಗಿತು. ಗಾಲಿಯ ಅಚ್ಚಿಗೆ ಎನ್‌ಕೋಡರ್ ಎಂಬ ಸಣ್ಣ ಸಾಧನ ಕೂರಿಸುತ್ತಾರೆ. ಅದು ಒಂದು ಸುತ್ತನ್ನು, ಸಾವಿರ ಎಂದಿಟ್ಟುಕೊಳ್ಳಿ, ಸಾವಿರ ಚೂರು ಮಾಡಿ ಎಣಿಸುತ್ತದೆ. ಹಾಗಾದರೆ ಒಂದೊಂದು ಚೂರೂ ಒಂದು ಮಿಲಿಮೀಟರಿಗಿಂತ ಕಡಿಮೆ. ಇಷ್ಟು ಸೂಕ್ಷ್ಮವಾಗಿ ಎಣಿಸಿದ ಮೇಲೆ ತಪ್ಪುವುದೆಲ್ಲಿಂದ ಎನ್ನುತ್ತೀರಾ? ನೆಲದ ಮೇಲೆ ಧೂಳಿದ್ದರೆ ಗಾಲಿ ಸುತ್ತುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಮಳೆಗಾಲದ ಕೆಸರಿನಲ್ಲಿ ನಿಮ್ಮ ಸೈಕಲ್ಲಿನ ಹಿಂದಿನ ಗಾಲಿ ಹೀಗೆ ಸುಮ್ಮನೆ ತಿರುಗುವುದನ್ನು ನೋಡಿದ್ದೀರಿ. ಗಾಲಿಯ ರಬ್ಬರ್ ಸವೆದರೆ ಸುತ್ತಿನ ಉದ್ದವೇ ಬದಲಾಗುತ್ತದೆ. ಇನ್ನು ದಿಕ್ಕು ಒಂದೇ ಒಂದು ಡಿಗ್ರಿ ತಪ್ಪಿದರೂ 10 ಮೀಟರ್ ಹೋಗುವಷ್ಟರಲ್ಲಿ ಗಾಡಿ 17 ಸೆಂಟಿಮೀಟರ್, ಅಂದರೆ ಹತ್ತಿರ ಹತ್ತಿರ ಒಂದು ಗೇಣು, ಪಕ್ಕಕ್ಕೆ ಸರಿದಿರುತ್ತದೆ. 50 ಮೀಟರ್ ಹೋದರೆ ಐದು ಗೇಣಿನ ಹತ್ತಿರ. ಅಷ್ಟರಲ್ಲಿ ಅದು ಯಾವುದೋ ಕಪಾಟಿಗೆ ಢೀ ಕೊಟ್ಟಾಗಿರುತ್ತದೆ.

ಹೆಜ್ಜೆ ಎಣಿಸುವ ಜೀವಿಯೂ ಇದೆ, ಗೊತ್ತೇ? ಆಫ್ರಿಕಾದ ಟುನೀಶಿಯಾ ದೇಶದ ಮರುಭೂಮಿಯಲ್ಲಿ ಒಂದು ಜಾತಿಯ ಇರುವೆಗಳಿವೆ. ನಮ್ಮ ಮನೆಯ ಇರುವೆಗಳ ಹಾಗೆ ವಾಸನೆಯ ಜಾಡು ಹಿಡಿದು ಸಾಲಾಗಿ ಹೋಗಲು ಅವಕ್ಕೆ ಆಗದು, ಸುಡುವ ಮರಳಿನಲ್ಲಿ ವಾಸನೆ ನಿಲ್ಲುವುದಿಲ್ಲ. ಆದರೂ ಎತ್ತೆತ್ತಲೋ ಅಲೆದು ಆಹಾರ ಸಿಕ್ಕ ಮೇಲೆ ಅವು ನೇರ ಗೂಡಿಗೆ ಬರುತ್ತವೆ. ಹೇಗೆ? 2006ರಲ್ಲಿ ವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ಗೂಡಿನಿಂದ 10 ಮೀಟರ್ ದೂರದಲ್ಲಿ ಆಹಾರ ಇಟ್ಟು, ಅಲ್ಲಿಗೆ ಬಂದ ಕೆಲವು ಇರುವೆಗಳ ಕಾಲಿಗೆ ಹಂದಿಯ ಕೂದಲನ್ನು ಅಂಟಿಸಿದರು. ಜಾತ್ರೆಯಲ್ಲಿ ಮರಗಾಲು ಕಟ್ಟಿಕೊಂಡು ಕುಣಿಯುತ್ತಾರಲ್ಲ, ಹಾಗೆ ಇರುವೆಗೆ ಮರಗಾಲು! ಹೆಜ್ಜೆ ಉದ್ದವಾದ ಈ ಇರುವೆಗಳು ವಾಪಸ್ ಹೋಗುವಾಗ ಗೂಡನ್ನು ದಾಟಿ ಸುಮಾರು 15 ಮೀಟರಿನವರೆಗೆ ಹೋಗಿ ಅಲ್ಲಿ ಹುಡುಕತೊಡಗಿದವು. ಕಾಲು ಗಿಡ್ಡ ಮಾಡಿದ ಇರುವೆಗಳು ಸುಮಾರು 6 ಮೀಟರಿಗೇ ನಿಂತು ಗೂಡು ಹುಡುಕಿದವು. (ಕಾಲು ಕತ್ತರಿಸಿದ್ದು ಓದಿ ನನಗೆ ಸಂಕಟವಾಯಿತು, ಅದನ್ನೂ ಹೇಳಿಬಿಡುತ್ತೇನೆ.) ಇರುವೆಯೊಳಗೆ ಹೆಜ್ಜೆಯ ಲೆಕ್ಕ ಇಡುವ ಏನೋ ಒಂದಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಗಾಲಿಯ ರಬ್ಬರ್ ಸವೆದ ರೋಬೋಟಿಗೂ ಗಿಡ್ಡ ಕಾಲಿನ ಇರುವೆಗೂ ಆಗುವ ತಪ್ಪು ಒಂದೇ.

ಎಣಿಕೆ ಒಂದನ್ನೇ ನಂಬಿದರೆ ಆಗದು ಎಂದಾಯಿತು. ಹಳೆಯ ಉಪಾಯವೆಂದರೆ ಗಾಡಿಗೆ ಒಂದು ಜಾಡು ಹಾಕಿಕೊಡುವುದು. 1950ರ ದಶಕದಲ್ಲೇ ಅಮೆರಿಕದ ಗೋದಾಮುಗಳಲ್ಲಿ ತಂತಿಯ ಜಾಡು ಹಿಡಿದು ಚಾಲಕನಿಲ್ಲದೆ ಓಡುವ ಗಾಡಿಗಳಿದ್ದವು. ತಂತಿ ಎಲ್ಲಿದೆಯೋ ಅಲ್ಲಿಗಷ್ಟೇ ಗಾಡಿ. ನಡುವೆ ಯಾರೋ ಒಂದು ಮೂಟೆ ಇಳಿಸಿ ಹೋದರೆ, ಮೂಟೆ ತೆಗೆಯುವವರೆಗೆ ನಿಂತೇ ಇರಬೇಕು. ಕಿವಾ ತಂಡ ನೆಲದ ಮೇಲೆ ಅಲ್ಲಲ್ಲಿ ಚೌಕಾಕಾರದ ಕೋಡ್ ಚೀಟಿ ಅಂಟಿಸಿತು. ಅಂಗಡಿಯಲ್ಲಿ ಫೋನ್‌ಪೇ ಮಾಡಲು ಸ್ಕ್ಯಾನ್ ಮಾಡುತ್ತೇವಲ್ಲ, ಆ ಥರದ್ದು. ರೋಬೋಟಿನ ಹೊಟ್ಟೆಯಡಿಯ ಕ್ಯಾಮರಾ ಅದರ ಮೇಲೆ ಹಾದುಹೋಗುವಾಗ ಓದಿ, ತಾನು ಇಂಥ ಸಾಲಿನ ಇಂಥ ಚೌಕದಲ್ಲಿದ್ದೇನೆ ಎಂದು ಲೆಕ್ಕ ಸರಿಮಾಡಿಕೊಳ್ಳುತ್ತದೆ. ರಸ್ತೆ ಬದಿಯ ಮೈಲಿಗಲ್ಲು ನೋಡಿದ ಹಾಗೆ.

ಶೆರ್ಪಾ ಟಗ್‌ನಂಥ ಹೊಸ ಕಾಲದ ಗಾಡಿಗಳಿಗೆ ಮೈಲಿಗಲ್ಲೂ ಬೇಡ. ಅವು ಸುತ್ತಲೂ ಬೆಳಕು ಎಸೆದು ನೋಡುತ್ತವೆ. ದೇವಸ್ಥಾನದ ಗೋಪುರದ ಕತ್ತಲೆಯಲ್ಲಿರುವ ಚಿಕ್ಕ ಬಾವಲಿಗಳು ನಮಗೆ ಕೇಳಿಸದಂಥ ಕೀರಲು ದನಿ ಹೊರಡಿಸಿ, ಅದರ ಪ್ರತಿಧ್ವನಿ ಕೇಳಿ ಗೋಡೆ ಎಲ್ಲಿದೆ, ಹುಳ ಎಲ್ಲಿದೆ ಎಂದು ತಿಳಿಯುತ್ತವೆ. (ಅಡಿಕೆ ತೋಟಕ್ಕೆ ಬಂದು ಹಣ್ಣಡಿಕೆಯ ಸಿಪ್ಪೆ ಚೀಪಿ ಹಾಕುವ ದೊಡ್ಡ ಬಾವಲಿಗಳು ಬೇರೆ. ಅವು ಕಣ್ಣನ್ನೂ ಮೂಗನ್ನೂ ನಂಬಿದವು.) ರೋಬೋಟಿನ ತಲೆಯ ಮೇಲಿನ ಲೈಡಾರ್ ಎಂಬ ಯಂತ್ರ ದನಿಯ ಬದಲು ಲೇಸರ್ ಬೆಳಕನ್ನು ಕಳಿಸುತ್ತದೆ. ಗೋಡೆಗೆ ಬಡಿದು ಬೆಳಕು ಮರಳಿ ಬರಲು ಎಷ್ಟು ಹೊತ್ತಾಯಿತು ಎಂದು ಅಳೆಯುತ್ತದೆ. ಬೆಳಕು ಒಂದು ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡುವಂಥದ್ದು. ಗೋಡೆ ಮೂರು ಮೀಟರ್ ದೂರವಿದ್ದರೆ ಹೋಗಿ ಬರಲು ಆರು ಮೀಟರ್. ಅದಕ್ಕೆ ಬೇಕಾದ ಸಮಯ ಒಂದು ಸೆಕೆಂಡಿನ ಐದು ಕೋಟಿಯಲ್ಲಿ ಒಂದು ಪಾಲು! ಅಷ್ಟು ಚಿಕ್ಕ ಸಮಯವನ್ನು ಅಳೆಯುವ ಗಡಿಯಾರ ನಿಮ್ಮ ಟಿಫಿನ್ ಡಬ್ಬಿಯಷ್ಟು ದೊಡ್ಡ ಯಂತ್ರದೊಳಗೆ ಕೂತಿದೆ ಎಂದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಹೀಗೆ ಒಂದೇ ಸೆಕೆಂಡಿನಲ್ಲಿ ಸಾವಿರಾರು ಸಲ, ಎಲ್ಲ ದಿಕ್ಕಿಗೂ ಬೆಳಕು ಕಳಿಸಿದರೆ ಕಂಬ, ಗೋಡೆ, ಕಪಾಟುಗಳ ಚುಕ್ಕಿ ಚುಕ್ಕಿ ಚಿತ್ರ ಸಿಗುತ್ತದೆ. ನಿಮ್ಮ ಮನೆ ಅಂಗಳದ ಚುಕ್ಕಿ ರಂಗೋಲಿಯನ್ನು ನೆನೆಸಿಕೊಳ್ಳಿ. ಮೊದಲ ದಿನ ರೋಬೋಟನ್ನು ಗೋದಾಮಿನ ತುಂಬ ಓಡಾಡಿಸಿ ಆ ಚುಕ್ಕಿಗಳಿಂದ ಒಂದು ನಕಾಶೆ ಮಾಡಿಸುತ್ತಾರೆ. ಆಮೇಲೆ ಅದು ಪ್ರತಿ ಕ್ಷಣವೂ ಈಗ ಕಾಣುವ ಚುಕ್ಕಿಗಳನ್ನು ನಕಾಶೆಯ ಮೇಲಿಟ್ಟು ಎಲ್ಲಿ ಹೊಂದುತ್ತದೆ ಎಂದು ನೋಡುತ್ತದೆ.

ಅದರಲ್ಲೂ ತೊಡಕಿದೆ. ಗೋದಾಮಿನ ಕಪಾಟಿನ ಸಾಲುಗಳೆಲ್ಲ ನೋಡಲು ಒಂದೇ ಥರ, ಅಡಿಕೆ ತೋಟದ ಸಾಲುಗಳ ಹಾಗೆ. ತೋಟದ ನಡುವೆ ನಿಂತು ನಾಲ್ಕನೇ ಸಾಲೋ ಐದನೇ ಸಾಲೋ ಎಂದರೆ ಗಾಬರಿಯಾಗುವುದಿಲ್ಲವೇ? ಬೆಳಕಿನ ಅಳತೆಯೂ ಅನುಮಾನದ್ದೇ, ಗಾಲಿಯ ಎಣಿಕೆಯೂ ಅನುಮಾನದ್ದೇ. ಎರಡು ಅನುಮಾನ ಸೇರಿಸಿ ಒಂದು ನಂಬಿಕೆ ಮಾಡುವುದು ಹೇಗೆ?

ನೀವು ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಊರಿಗೆ ಬರುತ್ತಿದ್ದೀರಿ ಎಂದಿಟ್ಟುಕೊಳ್ಳಿ. ನಿದ್ದೆಯಿಂದ ಎಚ್ಚರವಾಗುತ್ತದೆ. ಹೊರಗೆ ಕತ್ತಲು. ಬಸ್ಸು ಹೊರಟು ಇಷ್ಟು ಗಂಟೆಯಾಯಿತು, ಹಾಗಾದರೆ ಕಡೂರೋ ಬೀರೂರೋ ದಾಟಿರಬೇಕು ಎಂದುಕೊಳ್ಳುತ್ತೀರಿ. ಇದು ಗಾಲಿಯ ಲೆಕ್ಕ. ಅಷ್ಟರಲ್ಲಿ ಅಂಗಡಿಯೊಂದರ ಬೋರ್ಡು ಕಣ್ಣಿಗೆ ಬೀಳುತ್ತದೆ, ಅರ್ಧ ಮಾತ್ರ ಓದಲಾಯಿತು, '...ಕೆರೆ' ಎಂದಿತ್ತು. ಅರಸೀಕೆರೆಯೋ ತರೀಕೆರೆಯೋ? ಬೋರ್ಡು ಒಂದೇ ಆದರೆ ಹೇಳಲಾಗದು. ಗಡಿಯಾರ ಒಂದೇ ಆದರೂ ಹೇಳಲಾಗದು. ಎರಡನ್ನೂ ಸೇರಿಸಿದರೆ? ಆಗಲೇ ಬೀರೂರು ದಾಟಿರುವಷ್ಟು ಹೊತ್ತಾಗಿದೆ, ಅರಸೀಕೆರೆ ಅದಕ್ಕೂ ಮೊದಲೇ ಹೋಯಿತು, ಹಾಗಾಗಿ ಇದು ತರೀಕೆರೆಯೇ! ಹೀಗೆ ಲೆಕ್ಕಕ್ಕೂ ನೋಟಕ್ಕೂ ಅವುಗಳ ಯೋಗ್ಯತೆಗೆ ತಕ್ಕಷ್ಟು ಬೆಲೆ ಕೊಟ್ಟು ಸೇರಿಸುವ ಒಂದು ಗಣಿತವನ್ನು ರುಡಾಲ್ಫ್ ಕಾಲ್ಮನ್ 1960ರಲ್ಲಿ ಬರೆದುಕೊಟ್ಟರು. ಚಂದ್ರನ ಮೇಲೆ ಮನುಷ್ಯರನ್ನು ಇಳಿಸಿದ ಅಪೋಲೋ ನೌಕೆ ತಾನೆಲ್ಲಿದ್ದೇನೆಂದು ತಿಳಿಯಲು ಇದನ್ನೇ ಬಳಸಿತು. ಗೋದಾಮಿನ ಗಾಡಿಯೊಳಗೂ ಇದೇ ಗಣಿತದ ಮಕ್ಕಳು, ಮೊಮ್ಮಕ್ಕಳು ಕೆಲಸ ಮಾಡುತ್ತಿದ್ದಾರೆ.

ತಾನೆಲ್ಲಿದ್ದೇನೆ ಎಂದು ಗೊತ್ತಾಯಿತು. ಇನ್ನು ಹೋಗಬೇಕಾದ ಕಪಾಟಿಗೆ ದಾರಿ. ಅದನ್ನು ನೀವು ನೆಲದ ಮೇಲೆ ಕೂತು ಕಂಡುಹಿಡಿಯಬಹುದು. ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆಯಿರಿ, ಐದಕ್ಕೆ ಐದು, ಒಟ್ಟು ಇಪ್ಪತ್ತೈದು ಮನೆ. ಒಂದು ಮೂಲೆಯಲ್ಲಿ ರೋಬೋಟ್, ಅದರ ಎದುರು ಮೂಲೆಯಲ್ಲಿ ಬೇಕಾದ ಕಪಾಟು. ನಡುವೆ ಐದಾರು ಮನೆಗಳಲ್ಲಿ ಹುಣಸೆಬೀಜ ಇಡಿ, ಅಲ್ಲಿ ಹಾಯಲಾಗದು. ಈಗ ಕಪಾಟಿನ ಮನೆಯಲ್ಲಿ 0 ಬರೆಯಿರಿ. ಅದಕ್ಕೆ ತಾಗಿದ ಖಾಲಿ ಮನೆಗಳಲ್ಲಿ 1. ಆ ಒಂದುಗಳಿಗೆ ತಾಗಿದ, ಇನ್ನೂ ಏನೂ ಬರೆಯದ ಮನೆಗಳಲ್ಲಿ 2. ಹೀಗೇ ಬರೆಯುತ್ತಾ ಹೋಗಿ. ಸವಳಂಗದ ಕೆರೆಗೆ ಕಲ್ಲೆಸೆದರೆ ಅಲೆ ಉಂಗುರ ಉಂಗುರವಾಗಿ ಹರಡುತ್ತದಲ್ಲ, ನಿಮ್ಮ ಅಂಕಿಗಳೂ ಹುಣಸೆಬೀಜಗಳನ್ನು ಬಳಸಿಕೊಂಡು ಹಾಗೇ ಹರಡುತ್ತವೆ. ಕೊನೆಗೆ ರೋಬೋಟ್ ನಿಂತ ಮನೆಗೂ ಒಂದು ಅಂಕಿ ಬರುತ್ತದೆ. ಅಲ್ಲಿಂದ ಪ್ರತಿಸಲ ಒಂದು ಕಡಿಮೆ ಅಂಕಿ ಇರುವ ಮನೆಗೆ ಕಾಲಿಡುತ್ತಾ ಬನ್ನಿ. ಅದಕ್ಕಿಂತ ಹತ್ತಿರದ ದಾರಿ ಇಲ್ಲ, ಎಷ್ಟು ಹುಡುಕಿದರೂ ಸಿಗುವುದಿಲ್ಲ. ರೋಬೋಟ್ ಇರುವ ಮೂಲೆಗೆ ಅಂಕಿ ಬರಲೇ ಇಲ್ಲ ಎಂದರೆ ದಾರಿ ಮುಚ್ಚಿದ್ದೀರಿ ಎಂದರ್ಥ, ಒಂದು ಬೀಜ ತೆಗೆಯಿರಿ.

ದೂರಗಳು ಬೇರೆ ಬೇರೆ ಇರುವ ರಸ್ತೆಗಳಲ್ಲೂ ಹತ್ತಿರದ ದಾರಿ ಹುಡುಕುವ ವಿಧಾನವನ್ನು ಡೈಕ್‌ಸ್ಟ್ರ ಎಂಬ ನೆದರ್ಲೆಂಡ್ಸಿನ ಗಣಿತಜ್ಞ 1956ರಲ್ಲಿ ಕಂಡುಕೊಂಡರು. ಆಮ್‌ಸ್ಟರ್‌ಡಾಮಿನ ಒಂದು ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ, ಕಾಗದ ಪೆನ್ಸಿಲ್ ಇಲ್ಲದೆ, ಇಪ್ಪತ್ತೇ ನಿಮಿಷದಲ್ಲಿ! 1968ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಮೂವರು ಅದನ್ನು ಇನ್ನೂ ಚುರುಕು ಮಾಡಿದರು. ಅಲ್ಲಿ ಶೇಕಿ ಎಂಬ ರೋಬೋಟ್ ಇತ್ತು. ನಡೆಯುವಾಗ ಗಡಗಡ ನಡುಗುತ್ತಿತ್ತು, ಅದಕ್ಕೇ ಆ ಹೆಸರು. ತನ್ನ ದಾರಿಯನ್ನು ತಾನೇ ಯೋಚಿಸಿದ ಮೊದಲ ಗಾಲಿಯ ರೋಬೋಟ್ ಅದು.

ಗಾಡಿ ತಿರುಗುವುದು ಹೇಗೆ ಎಂದು ತಿಳಿಯಬೇಕಾದರೆ ನಿಮ್ಮ ಅಜ್ಜನ ಹತ್ತಿರ ಕಣದಲ್ಲಿ ಹಂತಿ ಹೊಡೆಯುತ್ತಿದ್ದ ಕತೆ ಕೇಳಿ. ಮೇಟಿಕಂಬದ ಸುತ್ತ ಎತ್ತುಗಳು ಸಾಲಾಗಿ ಸುತ್ತುವಾಗ ಮೇಟಿಯ ಪಕ್ಕದ ಎತ್ತು ನಿಧಾನಕ್ಕೆ ಹೆಜ್ಜೆ ಹಾಕುತ್ತದೆ, ಹೊರಗಿನ ಎತ್ತು ಬಿರುಸಾಗಿ ನಡೆಯಬೇಕು. ಈ ರೋಬೋಟುಗಳಲ್ಲಿ ಬಹಳಷ್ಟಕ್ಕೆ ಸ್ಟೇರಿಂಗ್ ಇಲ್ಲ. ಎಡಗಾಲಿ ನಿಧಾನ, ಬಲಗಾಲಿ ಜೋರು ಮಾಡಿದರೆ ಎಡಕ್ಕೆ ತಿರುಗಿತು. ಒಂದು ಮುಂದಕ್ಕೆ, ಒಂದು ಹಿಂದಕ್ಕೆ ಸುತ್ತಿದರೆ ನಿಂತಲ್ಲೇ ಬುಗುರಿ.

ನೂರಾರು ರೋಬೋಟುಗಳು ಒಂದೇ ಅಂಗಳದಲ್ಲಿ ಓಡಾಡುವಾಗ ಎರಡು ಎದುರುಬದುರಾದರೆ? ಚೌಕಾಬಾರದಲ್ಲಿ ಎದುರಾಳಿಯ ಕಾಯಿಯನ್ನು ಹೊಡೆಯಬಹುದು, ಗೋದಾಮಿನಲ್ಲಿ ಯಾರೂ ಯಾರನ್ನೂ ಹೊಡೆಯುವಂತಿಲ್ಲ. ಆದ್ದರಿಂದ ಪ್ರತಿ ರೋಬೋಟೂ ಮುಂದಿನ ಕೆಲವು ಮನೆಗಳನ್ನು ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ ಮೊದಲೇ ಹಿಡಿದುಕೊಳ್ಳುತ್ತದೆ. ಹಾದುಹೋದ ಕೂಡಲೇ ಬಿಟ್ಟುಕೊಡುತ್ತದೆ.

ಮನುಷ್ಯರು ಮಾತ್ರ ಯಾವ ಮನೆಯನ್ನೂ ಹಿಡಿದುಕೊಂಡು ಬರುವುದಿಲ್ಲ, ದಿಢೀರೆಂದು ಅಡ್ಡ ಬರುತ್ತಾರೆ. ಗಾಡಿ ಸೆಕೆಂಡಿಗೆ ಒಂದೂವರೆ ಮೀಟರ್ ವೇಗದಲ್ಲಿ ಬರುತ್ತಿದೆ. ಪ್ರತಿ ಸೆಕೆಂಡಿಗೆ ಒಂದು ಮೀಟರಿನಷ್ಟು ವೇಗ ಕಳೆಯುವ ಬ್ರೇಕ್ ಹಾಕಿದರೆ ಅದು ನಿಲ್ಲಲು ಒಂದು ಮೀಟರಿಗಿಂತ ತುಸು ಹೆಚ್ಚು ಜಾಗ ಬೇಕು. ವೇಗ ಎರಡರಷ್ಟಾದರೆ ಆ ಜಾಗ ನಾಲ್ಕರಷ್ಟು, ಅಂದರೆ ನಾಲ್ಕೂವರೆ ಮೀಟರ್! ಇಳಿಜಾರಿನಲ್ಲಿ ಸೈಕಲ್ ಬಿಟ್ಟವರಿಗೆ ಇದು ಗೊತ್ತು. ಬ್ರೇಕನ್ನು ಇನ್ನೂ ಬಿಗಿಯಾಗಿ ಒತ್ತಿದರೆ ಮೇಲಿನ ಮೂಟೆ ಮುಂದಕ್ಕೆ ಉರುಳುತ್ತದೆ. ಹಾಗಾಗಿ ರೋಬೋಟ್ ಮಾಡುವವರು ಮೊದಲು ಎಷ್ಟು ದೂರದಲ್ಲಿ ನಿಲ್ಲಬಲ್ಲದು ಎಂದು ಲೆಕ್ಕ ಹಾಕಿ, ಅದಕ್ಕೆ ತಕ್ಕ ವೇಗವನ್ನಷ್ಟೇ ಅದಕ್ಕೆ ಕೊಡಬೇಕು. ಜೊತೆಗೆ ಯಾರ ಕೈಗೂ ಸಿಗುವ ಜಾಗದಲ್ಲಿ ಒಂದು ದೊಡ್ಡ ಕೆಂಪು ಗುಂಡಿ. ಒತ್ತಿದರೆ ಎಲ್ಲ ಬಂದ್.

ಇಷ್ಟೆಲ್ಲ ಮಾಡಬಲ್ಲ ಯಂತ್ರ ಕಪಾಟಿನಿಂದ ಒಂದು ಸೋಪನ್ನು ತೆಗೆದುಕೊಡಬೇಕೆಂದರೆ ತಡವರಿಸುತ್ತದೆ. ಕಿವಾ ರೋಬೋಟ್ ಕಪಾಟನ್ನೇ ಹೊತ್ತು ತಂದದ್ದು ಅದಕ್ಕೇ, ತೆಗೆಯುವ ಕೆಲಸವನ್ನು ಮನುಷ್ಯರ ಕೈಗೇ ಬಿಟ್ಟಿತು. 2015ರಲ್ಲಿ ಅಮೆಜಾನ್ ಒಂದು ಸ್ಪರ್ಧೆ ನಡೆಸಿತು. ಕಪಾಟಿನಿಂದ ಹನ್ನೆರಡು ವಸ್ತು ತೆಗೆಯಬೇಕು, 20 ನಿಮಿಷ ಸಮಯ. ಗೆದ್ದದ್ದು ಜರ್ಮನಿಯ ಬರ್ಲಿನ್ ತಾಂತ್ರಿಕ ವಿಶ್ವವಿದ್ಯಾಲಯದ ತಂಡ. ಮನೆ ಕಸ ಎಳೆಯುವ ವ್ಯಾಕ್ಯೂಮ್ ಕ್ಲೀನರಿನ ಹಾಗೆ ಗಾಳಿ ಹೀರಿ ವಸ್ತುವನ್ನು ಅಂಟಿಸಿಕೊಳ್ಳುವ ಕೈ ಅದರದ್ದು. ಅದಕ್ಕೂ ಸಿಕ್ಕದ್ದು ಹತ್ತೇ ವಸ್ತು.

ನಮ್ಮ ಕಡೆ ಅಡಿಕೆ ಸುಲಿಯುವ ದಿನಗಳಲ್ಲಿ ಅಂಗಳಕ್ಕೆ ಹೋಗಿ ನೋಡಿ. ಮೆಟ್ಟುಗತ್ತಿಯ ಮುಂದೆ ಕೂತ ಅಮ್ಮಂದಿರು ಪಕ್ಕದವರೊಂದಿಗೆ ಮಾತಾಡುತ್ತಲೇ ಕಾಯಿಯನ್ನು ಬೆರಳಲ್ಲಿ ಹೊರಳಿಸಿ, ಬೆಳೆದದ್ದೋ ಎಳೆಯದೋ ಎಂದು ಮುಟ್ಟಿಯೇ ತಿಳಿದು, ಕತ್ತಿಗೆ ಎಷ್ಟು ಬೇಕೋ ಅಷ್ಟೇ ಒತ್ತುತ್ತಾರೆ. ಚನ್ನಗಿರಿಯ ತುಮ್ಕೋಸ್‌ನಂಥ ಅಡಿಕೆ ಸಹಕಾರ ಸಂಘಗಳ ಗೋದಾಮಿಗೆ ಬರುವ ರಾಶಿ, ಬೆಟ್ಟೆ, ಗೊರಬಲು ಎಂಬ ಅಡಿಕೆಯ ಬಗೆಗಳನ್ನು ಬೇರೆ ಮಾಡಿ ಬೆಲೆ ಕಟ್ಟುವವರು ಒಂದು ಹಿಡಿ ಎತ್ತಿ, ಬಣ್ಣ ನೋಡಿ, ಒಂದನ್ನು ಒಡೆದು ಹೇಳುತ್ತಾರೆ. ಈ ಬೆರಳಿನ ಜ್ಞಾನವನ್ನು ಯಂತ್ರಕ್ಕೆ ಕಲಿಸುವುದು ನಿಮ್ಮ ಕಾಲದ ಎಂಜಿನಿಯರುಗಳಿಗೆ ಉಳಿದಿರುವ ಕೆಲಸ. ಅದಕ್ಕೆ ಮೊದಲು ಆ ಅಮ್ಮಂದಿರ ಪಕ್ಕ ಕೂತು ಕಲಿಯಬೇಕಾದೀತು.

ಮಂಡಿಯ ಹಮಾಲರ ಮಾತು ಹೇಳದೆ ಮುಗಿಸಲಾರೆ. ದೊಡ್ಡವರಾದರೂ ಒಬ್ಬರು 55 ಕೆ.ಜಿ.ಗಿಂತ ಹೆಚ್ಚು ಹೊರಬಾರದು ಎಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಸಲಹೆ ಮಾಡಿತ್ತು. ನಮ್ಮಲ್ಲಿ ಮೆಕ್ಕೆಜೋಳದ ಮೂಟೆ, ಅಡಿಕೆ ಚೀಲ ಇಳಿಸುವ ಹಮಾಲರ ಬೆನ್ನಿನ ಮೇಲೆ ಅದಕ್ಕಿಂತ ಹೆಚ್ಚಿನ ಭಾರವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಭಾರವನ್ನು ಗಾಲಿಯ ಮೇಲೆ ಇಡುವ ರೋಬೋಟ್ ಬಂದರೆ ನಾನು ಸಂತೋಷಪಡುವವನು. ಆದರೆ ಅವರ ಕೂಲಿಯನ್ನೂ ಅದೇ ಗಾಡಿ ಹೊತ್ತುಕೊಂಡು ಹೋಗಬಾರದು. ಗಾಡಿ ನೋಡಿಕೊಳ್ಳುವ, ರಿಪೇರಿ ಮಾಡುವ, ದಾರಿ ಹಾಕಿಕೊಡುವ ಕೆಲಸವನ್ನು ಮೊದಲು ಅವರಿಗೇ ಕಲಿಸಬೇಕು. ಗಾಡಿಯ ಮೊದಲ ಚಿತ್ರ ಬರೆಯುವ ದಿನವೇ ಇದನ್ನು ಯೋಚಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ನಿಮಗೊಂದು ಕೆಲಸ. ಶಾಲೆಯ ಮೈದಾನದಲ್ಲಿ ಒಂದು ಕಲ್ಲಿಟ್ಟು, ಮೂವತ್ತು ಹೆಜ್ಜೆ ದೂರ ಬಂದು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಆ ಕಲ್ಲಿನ ಕಡೆ ನಡೆಯಿರಿ. ಬಿಸಿಲು ತಂಪಾದ ಮೇಲೆ ಮಾಡಿ, ಪಕ್ಕದಲ್ಲಿ ಒಬ್ಬ ಗೆಳೆಯ ಕಾವಲಿಗಿರಲಿ. ಮೂವತ್ತನೇ ಹೆಜ್ಜೆಗೆ ನಿಂತು, ಕಲ್ಲು ಎಷ್ಟು ಗೇಣು ತಪ್ಪಿತು ಎಂದು ಅಳೆಯಿರಿ. ಹತ್ತು ಸಲ ಮಾಡಿ, ಹತ್ತೂ ಲೆಕ್ಕ ಬರೆಯಿರಿ. ಆಮೇಲೆ ಇನ್ನೂ ಹತ್ತು ಸಲ. ಈ ಸಲ ಹದಿನೈದನೇ ಹೆಜ್ಜೆಗೆ ಕಲ್ಲಿನ ಹತ್ತಿರ ನಿಂತ ಇನ್ನೊಬ್ಬ ಗೆಳತಿ ಒಂದೇ ಒಂದು ಚಪ್ಪಾಳೆ ತಟ್ಟಲಿ. ಎರಡು ಪಟ್ಟಿಗಳನ್ನೂ ಪಕ್ಕ ಪಕ್ಕ ಇಟ್ಟು ನಿಮ್ಮ ವಿಜ್ಞಾನದ ಮೇಷ್ಟ್ರಿಗೆ ತೋರಿಸಿ.